ಕೊಯ್ದ ಮಾವಿನ ಆಯುಸ್ಸು



ಕೋಲಾರ ಸೀಮೆಯ ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನ ಕೊಯ್ಲು ಆರಂಭವಾಯಿತೆಂದರೆ ಬೆಳೆಗಾರನ ಆತುರವೂ ಆರಂಭವಾಗುತ್ತದೆ. ಕೊಯ್ದ ಕಾಯಿ ಬಹುದಿನ ನಿಲ್ಲುವ ವಸ್ತುವಲ್ಲ. ಆದುದರಿಂದ ಮಂಡಿಯಲ್ಲಿ ಆ ದಿನ ಕೇಳಿದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳಬೇಕಾಗುತ್ತದೆ. ಇನ್ನೊಂದು ವಾರ ಕೆಡದಂತೆ ಕಾಪಾಡುವುದು ಸಾಧ್ಯವಾದರೆ, ಬೆಲೆಯ ವಿಷಯದಲ್ಲಿ ಅವನಿಗೂ ಒಂದು ಮಾತು ಉಳಿದೀತು. ಅದು ಹೇಗೆಂಬುದನ್ನು ಈಗ ವಿಚಾರಮಾಡೋಣ.

ಮರದಿಂದ ಬೇರ್ಪಟ್ಟ ಕಾಯಿಯೂ ಜೀವವುಳ್ಳದ್ದೇ. ಅದು ಉಸಿರಾಡುತ್ತದೆ, ತನ್ನಲ್ಲಿ ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತದೆ, ಎಥಿಲೀನ್ ಎಂಬ ಅನಿಲವನ್ನು ಹೊರಸೂಸುತ್ತದೆ. ಈ ಅನಿಲವು ನೆರೆಯ ಕಾಯಿಗಳನ್ನೂ ಹಣ್ಣಾಗುವಂತೆ ಪ್ರೇರಿಸುತ್ತದೆ. ಬುಟ್ಟಿಯಲ್ಲಿ ಒಂದು ಮಾಗಿದೊಡನೆ ಉಳಿದವೂ ಬೇಗ ಮಾಗುವುದು ಇದರಿಂದಲೇ. ಹಣ್ಣಿನ ಆಯುಸ್ಸನ್ನು ಹೆಚ್ಚಿಸುವುದೆಂದರೆ ಈ ಉಸಿರನ್ನು ನಿಲ್ಲಿಸುವುದಲ್ಲ, ನಿಧಾನಗೊಳಿಸುವುದು.

ಕೆಲಸವು ಮರದ ಬುಡದಲ್ಲಿಯೇ ಮೊದಲಾಗಬೇಕು. ತೊಟ್ಟಿನ ಇಕ್ಕೆಲದ ಹೆಗಲು ತುಂಬಿದ ಬಲಿತ ಕಾಯಿಯನ್ನು ಬೆಳಗಿನ ತಂಪಿನಲ್ಲಿ, ಚೀಲ ಕಟ್ಟಿದ ದೋಟಿಯಿಂದ, ತೊಟ್ಟುಸಹಿತವಾಗಿ ಕೊಯ್ಯಬೇಕು. ಅನಂತರ ತೊಟ್ಟನ್ನು ಕತ್ತರಿಸಿ, ಕಾಯಿಯನ್ನು ತಲೆಕೆಳಗಾಗಿಟ್ಟು, ಸೊನೆಯನ್ನು ಸೋರಗೊಡಬೇಕು. ಸೊನೆ ತಗಲಿದ ಸಿಪ್ಪೆಯು ಸುಟ್ಟಂತೆ ಕಪ್ಪಾಗುತ್ತದೆ. ನೆಲಕ್ಕೆ ಬಿದ್ದ ಕಾಯಿ ಪೆಟ್ಟಾದೆಡೆಯಿಂದ ಕೊಳೆಯುತ್ತದೆ.

ಎರಡನೆಯ ಶತ್ರು ಬೂಷ್ಟು. ಅದು ಎಳೆಗಾಯಿಯ ಮೇಲೆಯೇ ನೆಲೆಸಿ, ಹಣ್ಣು ಮಾಗುವ ಕಾಲಕ್ಕೆ ಕಪ್ಪು ಚುಕ್ಕೆಗಳಾಗಿ ಹರಡುತ್ತದೆ. ಕೊಯ್ದ ಕಾಯಿಯನ್ನು ಸುಮಾರು 52 ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರಿನಲ್ಲಿ 5ರಿಂದ 10 ನಿಮಿಷ ಮುಳುಗಿಸಿ, ಆರಿಸಿದರೆ ಇದು ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಶಾಖವು ಮಿತಿಮೀರಿದರೆ ಸಿಪ್ಪೆಯೇ ಬೆಂದೀತು. ಉಷ್ಣಮಾಪಕವಿಲ್ಲದೆ ಈ ಕಾರ್ಯಕ್ಕೆ ಕೈಹಾಕಬಾರದು.

ಮೂರನೆಯದು ತಂಪು. ಸುಮಾರು 13 ಡಿಗ್ರಿಯ, ತೇವವುಳ್ಳ ಉಗ್ರಾಣದಲ್ಲಿ ಬಲಿತ ಹಸುರುಕಾಯಿ ಎರಡು ಮೂರು ವಾರ ಉಳಿಯುತ್ತದೆ. ಹೊರತೆಗೆದ ಮೇಲೆ ಚೆನ್ನಾಗಿ ಮಾಗುತ್ತದೆ. ಆದರೆ ತಂಪು ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಬಾರದು. 10 ಡಿಗ್ರಿಗಿಂತ ಕೆಳಗೆ ಬಹುದಿನವಿಟ್ಟ ಕಾಯಿಯ ಸಿಪ್ಪೆ ಗುಳಿಬಿದ್ದು ಕಂದುಗಟ್ಟುತ್ತದೆ. ಹಣ್ಣಿಗೆ ರುಚಿಯೂ ಪರಿಮಳವೂ ಬಾರವು. ನಗರವಾಸಿಗಳಾದ ನಾವು ಮಾಡುವ ತಪ್ಪು ಇಲ್ಲಿಯೇ. ಮನೆಗೆ ತಂದ ಕಾಯಿಯನ್ನು ಶೈತ್ಯಪೆಟ್ಟಿಗೆಯಲ್ಲಿ ಇಡದೆ, ಹುಲ್ಲಿನ ಅಡೆಯಲ್ಲಿಟ್ಟು ಮಾಗಿಸಬೇಕು. ಹಣ್ಣಾದ ಮೇಲೆ ಕೆಲವು ದಿನ ತಂಪಿನಲ್ಲಿಟ್ಟರೆ ಬಾಧಕವಿಲ್ಲ.

ಇಷ್ಟನ್ನು ಮಾತ್ರ ನೆನಪಿನಲ್ಲಿಡಿ: ತೋಪಿನಲ್ಲಿ ಆದ ಗಾಯವನ್ನು ಯಾವ ಉಗ್ರಾಣವೂ ಮಾಯಿಸಲಾರದು. ಮೆಲ್ಲನೆ ಕೊಯ್ಯುವ ಕೂಲಿಯವನಿಗೆ ಕೊಟ್ಟ ನಾಲ್ಕು ಕಾಸು ಹೆಚ್ಚಿನ ವೆಚ್ಚವಲ್ಲ. ಹಣ್ಣಿನ ಆಯುಸ್ಸಿಗೆ ತೆತ್ತ ಮೊದಲ ಬೆಲೆ.