ಸರಕಾರದ ದುಡ್ಡಿನ ಔಷಧೋಪಚಾರ

ಕಿಸೆಯಲ್ಲಿ ದುಡ್ಡಿಲ್ಲವೆಂಬ ಕಾರಣಕ್ಕಾಗಿ ಯಾರಿಗೂ ಔಷಧೋಪಚಾರವು ತಪ್ಪಬಾರದೆಂದು ಸರ್ ಜೋಸೆಫ್ ಭೋರ್ ಅವರ ಸಮಿತಿಯು ೧೯೪೬ರಲ್ಲಿಯೇ ಸಾರಿತ್ತು. ಈ ತತ್ತ್ವವನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ತತ್ತ್ವವು ಬೇರೆ, ಅದನ್ನು ನಡೆಯಿಸುವ ಬಗೆಯು ಬೇರೆ. ೨೦೧೮ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕವೆಂದು ಆರಂಭವಾಗಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡ ಯೋಜನೆಯನ್ನು ಬೀಳಗಿಯಂಥ ತಾಲೂಕಿನಲ್ಲಿ ನಿಂತು ನೋಡಿದರೆ ಈ ಭೇದವು ಮನಗಾಣುವದು.

ಬಡ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳ ವರೆಗೆ ಆಶ್ರಯ. ಉಳಿದವರಿಗೆ ನಿಗದಿಯಾದ ವೆಚ್ಚದ ಶೇಕಡಾ ೩೦, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಅಂಕಿಗಳು ದೊಡ್ಡವೇ. ಆದರೆ ಈ ಹಣವು ಹೊರಬೀಳುವದು ಯಾವಾಗ? ರೋಗಿಯು ಆಸ್ಪತ್ರೆಯ ಹಾಸಿಗೆ ಹಿಡಿದಾಗ. ಗಲಗಲಿಯಲ್ಲಿಯೋ ಅನಗವಾಡಿಯಲ್ಲಿಯೋ ಕಬ್ಬಿನ ಹೊಲದಲ್ಲಿ ದುಡಿಯುವವನಿಗೆ ಮಧುಮೇಹವಿದ್ದರೆ, ಅವನ ದಿನನಿತ್ಯದ ಗುಳಿಗೆಗೆ ಈ ೫ ಲಕ್ಷದಲ್ಲಿ ಒಂದು ಬಿಡಿಗಾಸೂ ಒದಗದು. ಸರಕಾರಿ ದವಾಖಾನೆಯಲ್ಲಿ ಗುಳಿಗೆ ತೀರಿದ ದಿನ ಅವನು ಪೇಟೆಯ ಅಂಗಡಿಗೆ ಹೋಗಬೇಕು, ಇಲ್ಲವೆ ಗುಳಿಗೆಯನ್ನೇ ಬಿಡಬೇಕು. ಮುಂದೆ ಮೂತ್ರಪಿಂಡಗಳು ಕೆಟ್ಟ ಮೇಲೆ ಅದೇ ಸರಕಾರವು ಅವನಿಗಾಗಿ ಸಾವಿರಾರು ರೂಪಾಯಿ ಸುರಿಯಲು ಸಿದ್ಧವಾಗುವದು! ಬೇಲಿಗೆ ದುಡ್ಡಿಲ್ಲವೆಂದು, ದನ ಮೇಯ್ದ ಬಳಿಕ ಪರಿಹಾರ ಹಂಚುವ ಈ ಜಾಣತನವು ನಮ್ಮ ರೈತನಿಗೆ ತಿಳಿಯದು.

ಇನ್ನು ಶಿಫಾರಸಿನ ಚೀಟಿ. ತುರ್ತು ಪ್ರಸಂಗವನ್ನುಳಿದು, ಖಾಸಗಿ ಆಸ್ಪತ್ರೆಗೆ ಹೋಗುವವನು ಮೊದಲು ಸರಕಾರಿ ದವಾಖಾನೆಯಿಂದ ಚೀಟಿಯನ್ನು ಪಡೆಯತಕ್ಕದ್ದು. ಬೊಕ್ಕಸವು ಲೂಟಿಯಾಗದಂತೆ ಹಾಕಿದ ಕಟ್ಟು ಇದು, ಉದ್ದೇಶವು ಸಾಧುವಾದದ್ದೇ. ಆದರೆ ಚೀಟಿ ಬರೆಯುವಲ್ಲಿ ತಜ್ಞನೇ ಇಲ್ಲದಿದ್ದರೆ ದವಾಖಾನೆಯು ಬರಿಯ ಚೀಟಿಯ ಕಚೇರಿಯಾಗುವದು. ಬಾಗಲಕೋಟೆಗೋ ಹುಬ್ಬಳ್ಳಿಗೋ ಹೋಗುವ ಬಸ್ಸಿನ ಖರ್ಚು, ಜೊತೆಗೆ ಹೋದವರ ಕೂಲಿಯ ನಷ್ಟ ಇವು ಯಾವ ಲೆಕ್ಕದಲ್ಲಿಯೂ ಬಾರವು. ಆಲಮಟ್ಟಿಯ ಹಿನ್ನೀರಿಗೆ ಊರು-ಹೊಲಗಳನ್ನು ಬಿಟ್ಟುಕೊಟ್ಟ ತಾಲೂಕಿದು. ಇಲ್ಲಿಯ ರೋಗಿಯ ಹೆಸರಿನ ಹಣವು ದೊಡ್ಡ ಊರುಗಳ ಆಸ್ಪತ್ರೆಗಳಿಗೆ ಹರಿಯುವದೇ ಹೊರತು ಇಲ್ಲಿ ಒಂದು ಹಾಸಿಗೆಯನ್ನೂ ಹೆಚ್ಚಿಸದು.

ಲೆಕ್ಕಪತ್ರದ ಮಾತಂತೂ ಇನ್ನೂ ಸೋಜಿಗದ್ದು. ಕೇಂದ್ರದ ಯೋಜನೆಯಲ್ಲಿ ಸುಮಾರು ೭.೫ ಲಕ್ಷ ಫಲಾನುಭವಿಗಳು ಒಂದೇ ಮೊಬೈಲ್ ಸಂಖ್ಯೆಗೆ ಜೋಡಿಸಲ್ಪಟ್ಟಿದ್ದರೆಂದು ಭಾರತದ ಮಹಾಲೆಕ್ಕಪರಿಶೋಧಕರು ೨೦೨೩ರಲ್ಲಿ ವರದಿಮಾಡಿದರು. ಆ ಸಂಖ್ಯೆಯಿಂದ ಅರ್ಹತೆಯು ನಿರ್ಣಯವಾಗುವದಿಲ್ಲವೆಂದು ಸರಕಾರವು ಸಮಾಧಾನ ಹೇಳಿತು. ಇರಲಿ, ಸತ್ತವರೆಂದು ದಾಖಲಾದವರ ಹೆಸರಿನಲ್ಲಿಯೂ ಚಿಕಿತ್ಸೆಯು ನಡೆದಿತ್ತೆಂಬ ಮಾತಿಗೆ ಅಷ್ಟೇ ಸಮಾಧಾನವು ಸಾಲದು.

ಇಂಗ್ಲಂಡವು ೧೯೪೮ರ ಜುಲೈಯಲ್ಲಿ ಸರ್ವರಿಗೂ ಪುಕ್ಕಟೆ ವೈದ್ಯಕೀಯ ನೆರವನ್ನು ಆರಂಭಿಸಿ, ಮೂರೇ ವರ್ಷಗಳಲ್ಲಿ ಕನ್ನಡಕ ಹಾಗೂ ಕಟ್ಟುಹಲ್ಲುಗಳಿಗೆ ಶುಲ್ಕ ವಿಧಿಸಬೇಕಾಯಿತು. ಅದನ್ನು ಒಪ್ಪದೆ ಯೋಜನೆಯ ಪ್ರವರ್ತಕನಾದ ಬೆವನ್‌ನು ೧೯೫೧ರಲ್ಲಿ ಮಂತ್ರಿಪದವನ್ನೇ ಬಿಟ್ಟನು. ಅಲ್ಲಿ ಜಗಳವಾದದ್ದು ದುಡ್ಡು ಎಲ್ಲಿಂದ ಎಂಬುದಕ್ಕೆ. ನಮ್ಮಲ್ಲಿ ದುಡ್ಡು ಎಲ್ಲಿಗೆ ಎಂಬುದನ್ನೂ ಕೇಳಬೇಕಾಗಿದೆ. ಸಂಪನ್ಮೂಲದ ಮೂರರಲ್ಲಿ ಎರಡು ಪಾಲು ಪ್ರಾಥಮಿಕ ಆರೈಕೆಗೆ ಸಲ್ಲಬೇಕೆಂದು ೨೦೧೭ರ ರಾಷ್ಟ್ರೀಯ ಆರೋಗ್ಯ ನೀತಿಯು ಹೇಳಿದೆ. ಆ ಪಾಲಿನಲ್ಲಿ ಬೀಳಗಿಗೆ ಬಂದದ್ದೆಷ್ಟೆಂಬುದನ್ನು ನಮ್ಮ ಪ್ರತಿನಿಧಿಗಳು ವಿಧಾನಸಭೆಯಲ್ಲಿ ಕೇಳಿ, ಬಂದ ಉತ್ತರವನ್ನು ಊರವರಿಗೆ ತಿಳಿಸಲಿ.