ಲಕ್ಷದ್ವೀಪ ಹಡಗು ಪ್ರವಾಸ: ಕೊಚ್ಚಿ ತಲುಪುವುದು ಮತ್ತು ಹಿಂದಿನ ರಾತ್ರಿಯ ವಾಸ್ತವ್ಯದ ಕುರಿತು ಅರ್ಜಿದಾರರಿಗೆ ಮಾಹಿತಿ

ಹಡಗಿನಲ್ಲಿ ಲಕ್ಷದ್ವೀಪ ಪ್ರವಾಸ ಕೈಗೊಳ್ಳಬಯಸುವ ರಾಜ್ಯದ ನಾಗರಿಕರು ಸಾಮಾನ್ಯವಾಗಿ ವಿಚಾರಿಸುವುದು ಎರಡು ಸಂಗತಿಗಳನ್ನು: ಪ್ರವೇಶ ಅನುಮತಿ ಪತ್ರ ಎಲ್ಲಿ ದೊರೆಯುತ್ತದೆ, ಹಡಗಿನ ದರ ಎಷ್ಟು. ಕೊಚ್ಚಿಯನ್ನು ಯಾವ ದಿನ ತಲುಪಬೇಕು, ಆ ರಾತ್ರಿ ಎಲ್ಲಿ ತಂಗಬೇಕು ಎಂದು ಕೇಳುವವರು ಕಡಿಮೆ. ಅನುಮತಿ ಪತ್ರ ಕೈಯಲ್ಲಿದ್ದು, ಹಣವೂ ಸಂದಾಯವಾಗಿದ್ದು, ಆದರೂ ಪ್ರವಾಸ ಕೈತಪ್ಪುವುದು ಈ ಮೂರನೆಯ ಸಂಗತಿಯನ್ನು ಕಡೆಗಣಿಸಿದಾಗ. ಆದ್ದರಿಂದ ಈ ಪುಟದಲ್ಲಿ ಮುಖ್ಯವಾಗಿ ಅದನ್ನೇ ವಿವರಿಸಲಾಗಿದೆ.

ಪ್ರವೇಶ ಅನುಮತಿ ಪತ್ರವನ್ನು ನೀಡುವ ಅಧಿಕಾರ ಲಕ್ಷದ್ವೀಪ ಆಡಳಿತಕ್ಕೆ ಸೇರಿದ್ದು. ರಾಜ್ಯದ ಯಾವುದೇ ಕಚೇರಿಯಲ್ಲಿ ಅದು ದೊರೆಯುವುದಿಲ್ಲ ಎಂಬುದನ್ನು ಮೊದಲಿಗೆ ತಿಳಿಸಲಾಗಿದೆ.

ಹಡಗು ಎಲ್ಲಿಂದ ಹೊರಡುತ್ತದೆ

ಕರಾವಳಿಯ ಅರ್ಜಿದಾರರಲ್ಲಿ ಹಲವರು ಹಡಗು ಮಂಗಳೂರಿನಿಂದ ಹೊರಡುತ್ತದೆಯೆಂದು ಭಾವಿಸಿರುತ್ತಾರೆ. ಈ ಭಾವನೆಗೆ ಕಾರಣವಿಲ್ಲದೆ ಇಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳನ್ನೊಳಗೊಂಡ ಅಮಿನಿದಿವಿ ಸಮೂಹವು 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೆ ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿತ್ತು. ಮಂಗಳೂರಿನ ಹಳೆ ಬಂದರಿನಿಂದ ದ್ವೀಪಗಳಿಗೆ ದಿನಸಿ, ತರಕಾರಿ, ಕಟ್ಟಡ ಸಾಮಗ್ರಿ ಸಾಗುವುದು ಹಳೆಯ ವಾಡಿಕೆ. 2024ರ ಮೇ ತಿಂಗಳಲ್ಲಿ ಪ್ರಯಾಣಿಕರ ವೇಗನೌಕೆಯೊಂದು ಅಲ್ಲಿಗೆ ಬಂದಿದ್ದೂ ಸುದ್ದಿಯಾಗಿತ್ತು. ಆದರೆ ಇದನ್ನು ನಂಬಿ ಪ್ರವಾಸವನ್ನು ಯೋಜಿಸುವಂತಿಲ್ಲ. ಪ್ರವಾಸಿಗರ ಹಡಗು ಹೊರಡುವುದು ಕೊಚ್ಚಿಯ ವೆಲ್ಲಿಂಗ್ಡನ್ ದ್ವೀಪದ ಧಕ್ಕೆಯಿಂದ.

ಕೊಚ್ಚಿಯಿಂದ ದ್ವೀಪಗಳು 220ರಿಂದ 440 ಕಿ.ಮೀ. ದೂರದಲ್ಲಿದ್ದು, ದ್ವೀಪವನ್ನು ಅವಲಂಬಿಸಿ ಹಡಗಿಗೆ 14ರಿಂದ 20 ಗಂಟೆ ಬೇಕಾಗುತ್ತದೆ. ಲಕ್ಷದ್ವೀಪ ಆಡಳಿತದ ಅಧೀನದಲ್ಲಿರುವ, 1982ರಲ್ಲಿ ಸ್ಥಾಪಿತವಾದ 'ಸ್ಪೋರ್ಟ್ಸ್' ಎಂಬ ಸಂಸ್ಥೆಯು ಪ್ರವಾಸಗಳನ್ನು ನಿರ್ವಹಿಸುತ್ತದೆ (ಹೆಸರು ಆಟೋಟವೆಂದು ಧ್ವನಿಸಿದರೂ ಪ್ರವಾಸೋದ್ಯಮವೇ ಅದರ ಕಾರ್ಯ). ಈ ಸಂಸ್ಥೆಯು ಎಂ.ವಿ. ಕವರತ್ತಿ ಹಡಗಿಗಾಗಿ ರೂಪಿಸಿದ 'ಸಮುದ್ರಂ' ಎಂಬ ಐದು ದಿನಗಳ ಪ್ರವಾಸದಲ್ಲಿ ರಾತ್ರಿ ಹಡಗಿನಲ್ಲಿ ಪಯಣ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ವಿಹಾರ. ಮುಂಗಾರಿನ ತಿಂಗಳುಗಳಲ್ಲಿ ಇಂತಹ ಪ್ರವಾಸ ಇರುವುದಿಲ್ಲ.

ಕಾಯ್ದಿರಿಸುವ ಕ್ರಮ

ಮೊದಲು ಹಡಗು ಮತ್ತು ಅನುಮತಿ, ನಂತರ ರೈಲು, ಕೊನೆಗೆ ಕೋಣೆ. ಈ ಕ್ರಮವನ್ನು ಬದಲಾಯಿಸದಿರುವಂತೆ ಕೋರಲಾಗಿದೆ. ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿಸಲಾಗಿದೆ. ಹಬ್ಬ ಹಾಗೂ ರಜೆಯ ದಿನಗಳಲ್ಲಿ ಬೆಂಗಳೂರು–ಎರ್ನಾಕುಲಂ ರೈಲುಗಳ ಆಸನಗಳು ಬೇಗನೆ ಭರ್ತಿಯಾಗುವುದರಿಂದ, ಟಿಕೆಟ್ ಮುಗಿದೀತೆಂಬ ಆತಂಕದಲ್ಲಿ ಕೆಲವರು ಹಡಗಿನ ದಿನಾಂಕ ಖಚಿತವಾಗುವ ಮೊದಲೇ ರೈಲು ಕಾಯ್ದಿರಿಸುತ್ತಾರೆ. ಅನಂತರ ದಿನಾಂಕ ಬದಲಾದರೆ ರದ್ದತಿ ಶುಲ್ಕವನ್ನು ತೆರಬೇಕಾಗುತ್ತದೆ. ರೈಲು ಹೊರಡುವ ಸಮಯ ಹತ್ತಿರವಾದಷ್ಟೂ ಈ ಕಡಿತ ಹೆಚ್ಚು.

ಹಡಗಿನ ದಿನಾಂಕವೂ ಬದಲಾಗಬಹುದು. ಲಕ್ಷದ್ವೀಪದ ಹಡಗುಗಳು ಮೂಲತಃ ಪ್ರವಾಸಿಗರಿಗಾಗಿ ಇರುವುವಲ್ಲ. ನಮ್ಮಲ್ಲಿ ಹಳ್ಳಿಗೆ ಹೋಗುವ ಸರ್ಕಾರಿ ಬಸ್ಸಿನಂತೆ, ಆಸ್ಪತ್ರೆಗೆ ಹೋಗುವ ರೋಗಿಗಳು, ಕಾಲೇಜಿಗೆ ಮರಳುವ ವಿದ್ಯಾರ್ಥಿಗಳು, ಮದುವೆಗೆ ಹೊರಟ ಕುಟುಂಬಗಳು ಇವನ್ನೇ ಅವಲಂಬಿಸಿದ್ದಾರೆ. ಒಂದು ಹಡಗು ದುರಸ್ತಿಗೆ ಹೋದರೆ ಉಳಿದ ಹಡಗುಗಳ ಮೇಲೆ ಒತ್ತಡ ಬೀಳುತ್ತದೆ, ವೇಳಾಪಟ್ಟಿ ಹಿಂದುಮುಂದಾಗುತ್ತದೆ. ಪ್ರವಾಸಿಗರಿಗೆ ಇದು ಅನನುಕೂಲವೇ ಸರಿ. ಆದರೆ ಕೌಂಟರಿನ ಸಿಬ್ಬಂದಿಯೊಡನೆ ವಾದಿಸಿ ಪ್ರಯೋಜನವಿಲ್ಲ. ಹೊರಡುವ ಒಂದು ವಾರ ಮೊದಲು, ಎರಡು ದಿನ ಮೊದಲು, ಹಾಗೂ ಊರು ಬಿಡುವ ದಿನ ಬೆಳಿಗ್ಗೆ, ಹೀಗೆ ಮೂರು ಬಾರಿ ಹಡಗಿನ ದಿನಾಂಕ ಮತ್ತು ಹತ್ತುವ ಸಮಯವನ್ನು ಆಡಳಿತದ ಅಧಿಕೃತ ಜಾಲತಾಣದಲ್ಲಿ ಅಥವಾ ಟಿಕೆಟ್ ನೀಡಿದ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.

ಅನುಮತಿ ಪತ್ರದ ಮೇಲೆ ಹೆಸರು, ದ್ವೀಪ ಹಾಗೂ ಅವಧಿ ನಮೂದಾಗಿರುತ್ತವೆ. 1967ರ ಪ್ರವೇಶ ಮತ್ತು ವಾಸ ನಿರ್ಬಂಧ ನಿಯಮಗಳಡಿ ನೀಡುವ ಪತ್ರವಾದ್ದರಿಂದ, ಹಡಗು ತಪ್ಪಿದ ಮಾತ್ರಕ್ಕೆ ಅದೇ ಪತ್ರದಲ್ಲಿ ಮುಂದಿನ ವಾರ ಹೋಗಬಹುದೆಂದು ತಿಳಿಯಬಾರದು.

ಹಿಂದಿನ ದಿನವೇ ತಲುಪಬೇಕೇಕೆ

ಹಡಗು ಮಧ್ಯಾಹ್ನ ಹೊರಡುವುದಾದರೆ ಅದೇ ದಿನ ಬೆಳಗಿನ ರೈಲಿನಲ್ಲಿ ಇಳಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಲೆಕ್ಕ ಹಾಕಿ ನೋಡೋಣ. ನಾಲ್ವರ ಕುಟುಂಬವೊಂದು ಕೊಚ್ಚಿಯಲ್ಲಿ ರೂ. 2,000 ಬಾಡಿಗೆಯ ಕೋಣೆ ಹಿಡಿಯಿತೆಂದು ಇಟ್ಟುಕೊಳ್ಳೋಣ. ದಿನಕ್ಕೆ ರೂ. 7,500ರವರೆಗಿನ ಕೋಣೆಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇ. 5 ಆಗಿರುವುದರಿಂದ ಒಟ್ಟು ರೂ. 2,100. ಊಟ, ಆಟೋ ಸೇರಿಸಿದರೂ ತಲೆಗೆ ಸಾವಿರ ರೂಪಾಯಿ ದಾಟುವುದು ಕಷ್ಟ. ಇನ್ನೊಂದು ಕಡೆ, ನಾಲ್ವರ ಪ್ರವಾಸ ಶುಲ್ಕ, ಹೋಗಿಬರುವ ರೈಲು ಟಿಕೆಟ್, ಕಚೇರಿಯಿಂದ ಪಡೆದ ರಜೆ, ಶಾಲೆಯ ರಜೆ, ಇವೆಲ್ಲವೂ ಒಂದು ರೈಲಿನ ವೇಳೆಪಾಲನೆಯ ಮೇಲೆ ನಿಂತಿರುತ್ತವೆ. ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ಪ್ರಯಾಣಿಕರು ಪ್ರಯಾಣಿಸದೆ ನಿಗದಿತ ರೀತಿಯಲ್ಲಿ ಅರ್ಜಿ ಸಲ್ಲಿಸಿದರೆ ರೈಲ್ವೆಯು ತನ್ನ ಟಿಕೆಟ್ಟಿನ ಹಣವನ್ನು ಹಿಂದಿರುಗಿಸುತ್ತದೆ. ತಪ್ಪಿಹೋದ ಹಡಗಿನ ಹಣಕ್ಕೆ ಅದು ಹೊಣೆಯಲ್ಲ. ಹಡಗು ಕಾಯುವುದಿಲ್ಲ, ಮರುದಿನ ಇನ್ನೊಂದು ಹಡಗಿರುತ್ತದೆ ಎಂಬ ಭರವಸೆಯೂ ಇಲ್ಲ. ಆದಕಾರಣ ಕೊಚ್ಚಿಯ ಆ ಒಂದು ರಾತ್ರಿಯನ್ನು ದುಂದುವೆಚ್ಚವೆಂದು ಎಣಿಸದೆ, ಪ್ರವಾಸ ಶುಲ್ಕದ ಒಂದು ಭಾಗವೆಂದೇ ಲೆಕ್ಕಕ್ಕೆ ಹಿಡಿಯುವುದು ಸೂಕ್ತವೆಂಬುದು ಈ ಶಾಖೆಯ ಅಭಿಪ್ರಾಯ.

ತಡವಾಗಲು ರೈಲೊಂದೇ ಕಾರಣವಾಗಬೇಕಿಲ್ಲ. ಕೇರಳದಲ್ಲಿ ಹರತಾಳವಿದ್ದ ದಿನ ರೈಲುಗಳು ಸಂಚರಿಸಿದರೂ ನಿಲ್ದಾಣದಿಂದ ಮುಂದಕ್ಕೆ ಬಸ್ಸು, ಆಟೋ ಸಿಗುವುದು ದುಸ್ತರ. ಹರತಾಳಕ್ಕೆ ಏಳು ದಿನಗಳ ಮುನ್ಸೂಚನೆ ನೀಡಬೇಕೆಂದು ಕೇರಳ ಉಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಆದೇಶಿಸಿದ್ದರೂ, ಹೊರಡುವ ಮೊದಲು ಅಲ್ಲಿನ ಸುದ್ದಿಯನ್ನು ಗಮನಿಸುವುದು ಒಳ್ಳೆಯದು. ಮುಂಗಾರು ಮುಗಿದ ಮೇಲೆ ಸಮುದ್ರ ಶಾಂತವಾಗಿರುತ್ತದೆಂಬುದೂ ಪೂರ್ತಿ ನಿಜವಲ್ಲ: ಓಖಿ ಚಂಡಮಾರುತವು ಕೇರಳದ ತೀರ ಹಾಗೂ ಲಕ್ಷದ್ವೀಪವನ್ನು ಬಾಧಿಸಿದ್ದು 2017ರ ನವೆಂಬರ್ ಕೊನೆ, ಡಿಸೆಂಬರ್ ಮೊದಲ ದಿನಗಳಲ್ಲಿ.

ಯಾವ ಭಾಗದಿಂದ ಹೇಗೆ

ರೈಲು ಟಿಕೆಟ್ಟಿನಲ್ಲಿ ಇಳಿಯುವ ನಿಲ್ದಾಣವನ್ನು ಎರ್ನಾಕುಲಂ ಹೆಸರಿನಲ್ಲಿ ಹುಡುಕಬೇಕು. ಎರ್ನಾಕುಲಂ ಜಂಕ್ಷನ್, ಎರ್ನಾಕುಲಂ ಟೌನ್ ಎಂಬ ಎರಡು ನಿಲ್ದಾಣಗಳಿದ್ದು, ಸ್ಥಳೀಯರು ಕ್ರಮವಾಗಿ ಸೌತ್, ನಾರ್ತ್ ಎನ್ನುತ್ತಾರೆ. ಧಕ್ಕೆಗೆ ಹತ್ತಿರವಾದುದು ಸೌತ್. ಟೌನ್ ನಿಲ್ದಾಣದಲ್ಲಿ ಮಾತ್ರ ನಿಂತು ಮುಂದೆ ಹೋಗುವ ರೈಲುಗಳೂ ಇರುವುದರಿಂದ ಟಿಕೆಟ್ಟಿನಲ್ಲಿ ಯಾವುದಿದೆಯೆಂದು ನೋಡಿಕೊಳ್ಳುವುದು.

ಬೆಂಗಳೂರಿನಿಂದ ಸುಮಾರು 600 ಕಿ.ಮೀ. ದೂರ. ಬೆಳಿಗ್ಗೆ ಹೊರಡುವ ಇಂಟರ್‌ಸಿಟಿ ರೈಲು ಸಂಜೆಗೆ ಎರ್ನಾಕುಲಂ ಸೇರುತ್ತದೆ. ಹಿಂದಿನ ರಾತ್ರಿಯ ವಾಸ್ತವ್ಯಕ್ಕೆ ಇದು ಹೇಳಿ ಮಾಡಿಸಿದಂತಿದೆ. ಮಂಗಳೂರಿನವರಿಗೆ ಒಂದು ವಿಶೇಷ ಎಚ್ಚರಿಕೆ. ಸಂಜೆ ಹೊರಡುವ ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್‌ಗಳು ಎರ್ನಾಕುಲಂ ತಲುಪುವಾಗ ನಡುರಾತ್ರಿ ಕಳೆದಿರುತ್ತದೆ. ಕ್ಯಾಲೆಂಡರಿನ ಪ್ರಕಾರ ಅದು ಮರುದಿನ. 10ನೇ ತಾರೀಖು ಸಂಜೆ ಹೊರಟು 11ರ ನಸುಕಿಗೆ ಇಳಿಯುವವರು ಕೋಣೆಯನ್ನು 11ಕ್ಕೆ ಕಾಯ್ದಿರಿಸಿದರೆ, ಹಲವು ವಸತಿಗೃಹಗಳಲ್ಲಿ ಅಂದು ಮಧ್ಯಾಹ್ನದವರೆಗೆ ಒಳಗೆ ಬಿಡುವುದಿಲ್ಲ. ಕೋಣೆ 10ಕ್ಕೆ ಇರಬೇಕು, ತಡರಾತ್ರಿ ಬರುವ ವಿಷಯವನ್ನೂ ತಿಳಿಸಿರಬೇಕು. ಇಲ್ಲವೇ ಬೆಳಗಿನ ಪರಶುರಾಮ್ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟು ಹಗಲಿನಲ್ಲೇ ತಲುಪಬಹುದು. ವೃದ್ಧರು, ಮಕ್ಕಳು ಜೊತೆಗಿದ್ದರೆ ಇದೇ ಮೇಲು.

ಉಡುಪಿ, ಕಾರವಾರ ಭಾಗದವರು ಕೊಂಕಣ ರೈಲು ಮಾರ್ಗದ ಮಳೆಗಾಲದ ವೇಳಾಪಟ್ಟಿ ಅಕ್ಟೋಬರ್‌ವರೆಗೂ ಇರುತ್ತದೆಂಬುದನ್ನು ಗಮನಿಸತಕ್ಕದ್ದು. ಬೆಳಗಾವಿಯ ಮೂಲಕ ಸಾಗುವ ಪುಣೆ–ಎರ್ನಾಕುಲಂ ಪೂರ್ಣಾ ಎಕ್ಸ್‌ಪ್ರೆಸ್ ವಾರಕ್ಕೊಮ್ಮೆ ಮಾತ್ರ ಇದ್ದು, ಅದರ ದಿನವೂ ಹಡಗಿನ ದಿನವೂ ಹೊಂದುವುದು ಅಪರೂಪ. ಹೊಂದದಿದ್ದಾಗ ಬೆಂಗಳೂರಿಗೆ ಬಂದು ಅಲ್ಲಿಂದ ಹೊರಡುವುದು ಸರಳ. ಮೈಸೂರಿನಿಂದ ಸ್ವಂತ ವಾಹನದಲ್ಲಿ ಹೊರಡುವವರು ಬಂಡೀಪುರದ ಅರಣ್ಯ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆಯೆಂಬುದನ್ನು ಮರೆಯಬಾರದು. 2009ರಿಂದ ಜಾರಿಯಲ್ಲಿರುವ ಈ ನಿಷೇಧದಿಂದ ಪ್ರವಾಸಿಗರಿಗೆ ವಿನಾಯಿತಿ ಇಲ್ಲ.

ವಿಮಾನದಲ್ಲಿ ಬರುವವರಿಗೆ: ವಿಮಾನ ನಿಲ್ದಾಣವು ನಗರದಲ್ಲಿಲ್ಲ, ಸುಮಾರು 30 ಕಿ.ಮೀ. ದೂರದ ನೆಡುಂಬಾಶೇರಿಯಲ್ಲಿದೆ. ನಿಲ್ದಾಣದ ಬಳಿಯೇ ತಂಗಿದರೆ ಬೆಳಗಿನ ವಾಹನ ದಟ್ಟಣೆಯಲ್ಲಿ ಇಡೀ ನಗರವನ್ನು ದಾಟಿ ಧಕ್ಕೆ ಸೇರಬೇಕಾಗುತ್ತದೆ.

ಎಲ್ಲಿ ತಂಗುವುದು

ವೆಲ್ಲಿಂಗ್ಡನ್ ದ್ವೀಪವು ಹಿಂದೆ ಬಂದರನ್ನು ಆಳಗೊಳಿಸುವಾಗ ತೆಗೆದ ಹೂಳಿನಿಂದ ನಿರ್ಮಾಣವಾದ ಕೃತಕ ಭೂಮಿ. ಬಂದರು, ನೌಕಾಪಡೆ, ಕಚೇರಿಗಳೇ ಅಲ್ಲಿ ಹೆಚ್ಚು. ವಸತಿಗೃಹಗಳು ಕೆಲವೇ, ಮತ್ತು ಮಧ್ಯಮ ವರ್ಗದ ಕೈಗೆಟಕುವಂಥವು ವಿರಳ. ಸೌತ್ ನಿಲ್ದಾಣ ಹಾಗೂ ಎಂ.ಜಿ. ರಸ್ತೆಯ ಆಸುಪಾಸು ಎಲ್ಲ ದರದ ಕೋಣೆಗಳು, ಸಸ್ಯಾಹಾರಿ ಹೋಟೆಲುಗಳು, ಔಷಧಿ ಅಂಗಡಿಗಳು ದೊರೆಯುತ್ತವೆ. ಕುಟುಂಬ ಸಮೇತ ಹೋಗುವವರಿಗೆ ಈ ಶಾಖೆ ಸೂಚಿಸುವುದು ಇದನ್ನೇ.

ಫೋರ್ಟ್ ಕೊಚ್ಚಿ ನೋಡಲು ಚೆಂದ. ಸಮೀಪದ ಮಟ್ಟಾಂಚೇರಿಯಲ್ಲಿ ಕೊಂಕಣಿ ಸಮಾಜದ ತಿರುಮಲ ದೇವಸ್ಥಾನವಿದ್ದು, ಕೊಂಕಣಿ ಬಲ್ಲ ಕರಾವಳಿಯವರಿಗೆ ಅಲ್ಲಿ ಮಾತಿಗೆ ಕೊರತೆಯಾಗದು. ಆದರೆ ಡಿಸೆಂಬರ್ ಕೊನೆಯಲ್ಲಿ ಕೊಚ್ಚಿ ಕಾರ್ನಿವಲ್ ನಡೆಯುವಾಗ ಕೋಣೆಗಳು ತುಟ್ಟಿ. 31ರ ರಾತ್ರಿ ವಾಹನಗಳಿಗೆ ನಿರ್ಬಂಧವೂ ಇರುತ್ತದೆ. ಜನವರಿ 1ರಂದು ಹಡಗು ಹತ್ತುವವರು ಅಲ್ಲಿ ತಂಗುವುದು ಬೇಡ. 2023ರಲ್ಲಿ ಆರಂಭವಾದ ವಾಟರ್ ಮೆಟ್ರೊ ದೋಣಿಯಲ್ಲಿ ಹಿಂದಿನ ಸಂಜೆ ಸುತ್ತಾಡಿ ಬರಬಹುದು. ಸಾಮಾನು ಹೊತ್ತು ಧಕ್ಕೆಗೆ ಹೋಗಲು ಮಾತ್ರ ಟ್ಯಾಕ್ಸಿಯೇ ವಾಸಿ.

ಕೋಣೆಯನ್ನು ರದ್ದತಿಗೆ ಅವಕಾಶವಿರುವ ದರದಲ್ಲಿಯೇ ಕಾಯ್ದಿರಿಸುವುದು. ಹಣ ಮರಳದ ಕೋಣೆ ನೂರಿನ್ನೂರು ರೂಪಾಯಿ ಅಗ್ಗವಿರಬಹುದು. ಹಡಗಿನ ದಿನಾಂಕ ಬದಲಾದಾಗ ಆ ಉಳಿತಾಯ ಉಳಿಯುವುದಿಲ್ಲ.

ಆ ಸಂಜೆ ಮಾಡಿ ಮುಗಿಸಬೇಕಾದ ಕೆಲಸ

ಕೋಣೆ ಸೇರಿದೊಡನೆ ಅನುಮತಿ ಪತ್ರ, ಹಡಗಿನ ಟಿಕೆಟ್, ಮೂಲ ಗುರುತಿನ ಚೀಟಿ ಮೂರನ್ನೂ ಒಟ್ಟಿಗೆ ಹರಡಿ ಹೆಸರುಗಳನ್ನು ಹೋಲಿಸಿ ನೋಡುವುದು. ನಮ್ಮ ಜನರಲ್ಲಿ ಊರಿನ ಹೆಸರು, ತಂದೆಯ ಹೆಸರುಗಳ ಇನಿಷಿಯಲ್ ಇಡುವ ಪದ್ಧತಿಯಿದೆ. ಆಧಾರಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ, ಟಿಕೆಟ್ಟಿನಲ್ಲಿ ಅಕ್ಷರ ಮಾತ್ರ ಇರುತ್ತದೆ, ಇನ್ನೊಂದರಲ್ಲಿ ಅದು ಹೆಸರಿನ ಹಿಂದಿನಿಂದ ಮುಂದಕ್ಕೆ ಬಂದಿರುತ್ತದೆ. ವಿವಾಹಾನಂತರ ಹೆಸರು ಬದಲಾದ ಮಹಿಳೆಯರಿಗೂ ಇದೇ ತೊಡಕು. ಊರಿನ ಬಸ್ಸಿನಲ್ಲಿ ಇದನ್ನು ಯಾರೂ ಕೇಳರು, ನಿರ್ಬಂಧಿತ ಪ್ರದೇಶದ ತಪಾಸಣೆಯಲ್ಲಿ ಕೇಳುತ್ತಾರೆ. ವಾಸ್ತವವಾಗಿ ಅರ್ಜಿ ತುಂಬುವಾಗಲೇ ಆಧಾರಿನಲ್ಲಿರುವಂತೆ ಅಕ್ಷರಶಃ ಬರೆಯುವುದು ಸರಿಯಾದ ಮಾರ್ಗ. ವ್ಯತ್ಯಾಸ ಆ ಸಂಜೆ ಕಂಡುಬಂದರೆ ಮರುದಿನ ಬೆಳಿಗ್ಗೆ ವೆಲ್ಲಿಂಗ್ಡನ್ ದ್ವೀಪದಲ್ಲಿರುವ ಲಕ್ಷದ್ವೀಪ ಆಡಳಿತದ ಕಚೇರಿಯನ್ನು ಬೇಗನೆ ಸಂಪರ್ಕಿಸಲು ಸಮಯವಾದರೂ ಉಳಿದಿರುತ್ತದೆ. ಒಂದು ದಿನ ಮೊದಲೇ ತಲುಪುವುದರ ಲಾಭಗಳಲ್ಲಿ ಇದೂ ಒಂದು. ಪ್ರತಿಯೊಂದು ದಾಖಲೆಯ ಎರಡೆರಡು ಜೆರಾಕ್ಸ್ ಪ್ರತಿಗಳಿರಲಿ. ಅನುಮತಿ ಪತ್ರವನ್ನು ದ್ವೀಪ ತಲುಪಿದ ಮೇಲೆ ಪೊಲೀಸ್ ಠಾಣೆಗೆ ಹಾಜರುಪಡಿಸಬೇಕಿದ್ದು, ಮೊಬೈಲಿನಲ್ಲಿರುವ ಚಿತ್ರವನ್ನು ಮಾತ್ರ ನೆಚ್ಚಬಾರದು.

ಸಾಮಾನು ಕಡಿಮೆಯಿರಲಿ. ಬಹುತೇಕ ದ್ವೀಪಗಳಲ್ಲಿ ಹಡಗು ಲಗೂನಿನ ಹೊರಗೆ ಲಂಗರು ಹಾಕುತ್ತದೆ. ಪ್ರಯಾಣಿಕರು ಅಲುಗಾಡುವ ಸಣ್ಣ ದೋಣಿಗೆ ಇಳಿಯಬೇಕು, ಆಗ ಒಂದು ಕೈ ಖಾಲಿ ಇರಲೇಬೇಕು. ಮಂಡಿನೋವಿನ ತೊಂದರೆ ಇರುವವರು ಇದನ್ನು ಅರ್ಜಿ ಸಲ್ಲಿಸುವ ಮೊದಲೇ ಯೋಚಿಸತಕ್ಕದ್ದು. ಮದ್ಯವನ್ನು ಒಯ್ಯುವಂತಿಲ್ಲ. ವಾಕರಿಕೆ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ತಂದಿಟ್ಟುಕೊಂಡು, ಹಡಗು ಹೊರಡುವ ಮೊದಲೇ ಸೇವಿಸಬೇಕು. ವಾಂತಿ ಆರಂಭವಾದ ಮೇಲೆ ಅದು ಅಷ್ಟಾಗಿ ಕೆಲಸ ಮಾಡದು. ಅಂದು ರಾತ್ರಿಯ ಊಟ ಹಿತಮಿತವಾಗಿರಲಿ.

ಬೆಳಿಗ್ಗೆ ಸೂಚಿತ ಸಮಯಕ್ಕೆ ವೆಲ್ಲಿಂಗ್ಡನ್ ದ್ವೀಪದ ಪ್ರಯಾಣಿಕರ ಕೇಂದ್ರದಲ್ಲಿ ಹಾಜರಿರುವುದು. ಟಿಕೆಟ್ಟಿನಲ್ಲಿ ಹಡಗು ಹೊರಡುವ ಸಮಯ, ಹತ್ತುವ ಸಮಯ ಎರಡೂ ಇದ್ದಲ್ಲಿ, ಪಾಲಿಸಬೇಕಾದುದು ಎರಡನೆಯದನ್ನು; ಸಾಮಾನು ತಪಾಸಣೆ ಮುಗಿದು ದ್ವಾರ ಮುಚ್ಚುವುದು ಹಡಗು ಹೊರಡುವುದಕ್ಕಿಂತ ಸಾಕಷ್ಟು ಮೊದಲೇ.

ಹಿಂದಿರುಗುವಾಗ

ಮರಳುವ ಹಡಗು ಬೆಳಿಗ್ಗೆ ಕೊಚ್ಚಿ ಸೇರುತ್ತದೆಯೆಂದು ವೇಳಾಪಟ್ಟಿಯಲ್ಲಿದ್ದರೂ ಮಧ್ಯಾಹ್ನದ ರೈಲನ್ನು ಕಾಯ್ದಿರಿಸದಿರುವುದು ಕ್ಷೇಮ. ಅದೇ ದಿನ ರಾತ್ರಿಯ ರೈಲು ಅಥವಾ ಮರುದಿನದ ರೈಲು ಆಗಬಹುದು. ರಜೆ ಮುಗಿದು ಕಚೇರಿಗೆ ಹಾಜರಾಗಬೇಕಾದ ನೌಕರರು ರಜೆಯ ಅರ್ಜಿಯಲ್ಲಿ ಒಂದು ದಿನವನ್ನು ಹೆಚ್ಚಿಗೆ ನಮೂದಿಸಿಕೊಳ್ಳತಕ್ಕದ್ದು.