ನಿಜಗುಣರನ್ನು ನೆನೆದ ಬಗೆ

ಕೊಳ್ಳೇಗಾಲ ಸೀಮೆಯ ಚಿಲಕವಾಡಿಯ ಬಳಿ ಶಂಭುಲಿಂಗನ ಬೆಟ್ಟವಿದೆ. ನಿಜಗುಣ ಶಿವಯೋಗಿಗಳು ತಪಸ್ಸು ಮಾಡಿದ್ದು ಇಲ್ಲಿಯೇ ಎಂದು ಈ ಭಾಗದ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಅವರು ಸಣ್ಣದೊಂದು ನಾಡನ್ನು ಆಳುತ್ತಿದ್ದವರು, ಅದನ್ನು ಬಿಟ್ಟು ಬೆಟ್ಟ ಹತ್ತಿದರು ಎಂಬುದೂ ಅದೇ ಐತಿಹ್ಯದ ಮಾತು. ಅವರ ಕಾಲ ಸುಮಾರು 1500 ಎಂದು ಸಾಹಿತ್ಯ ಚರಿತ್ರೆ ಇಟ್ಟುಕೊಂಡಿದೆ. ಹಾಡುಗಳಲ್ಲಿ ಅವರು ಇಟ್ಟ ಅಂಕಿತವೂ ಬೆಟ್ಟದ ದೇವರ ಹೆಸರೇ: ಶಂಭುಲಿಂಗ.

ಅವರ ತತ್ತ್ವದ ಬಗ್ಗೆ ತಿಳಿದವರು ಬಹಳ ಬರೆದಿದ್ದಾರೆ. ಅವರ ನಂತರದ ಬರಹಗಾರರು, ಹಾಡುಗಾರರು, ಶಾಸ್ತ್ರ ಹೇಳುವವರು ಐದು ಶತಮಾನ ಅವರನ್ನು ಹೇಗೆ ನೆನೆದರು ಎಂಬುದರ ಕಡೆಗೆ ನಮ್ಮ ಗಮನ ಹೋದದ್ದು ಕಡಿಮೆ. ಹಿರಿಯ ಕವಿಯನ್ನು ಮೆಚ್ಚುವುದಕ್ಕೂ ಒಂದು ಕಸುಬುಗಾರಿಕೆ ಬೇಕು. ಕನ್ನಡದಲ್ಲಿ ಅದು ಎಷ್ಟು ಹದವಾಗಿ ಬೆಳೆದಿದೆ ಎಂಬುದಕ್ಕೆ ನಿಜಗುಣರಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ನಮ್ಮ ಕವಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಕ್ರಮ ಪೂರ್ವಕವಿ ಸ್ಮರಣೆ. ಇಷ್ಟದೇವತೆ, ಗುರು, ಆಮೇಲೆ ಹಿಂದಿನ ಕವಿಗಳು. ಕಾವ್ಯದ ಬಾಗಿಲಲ್ಲೇ ಈ ವಂದನೆಗಳು ಮುಗಿಯಬೇಕು. ಇದು ಬರೀ ಶಿಷ್ಟಾಚಾರವೆಂದು ಹಾರಿಸಿ ಓದುವವರಿದ್ದಾರೆ. ಆದರೆ 1907ರಿಂದ ಮೂರು ಸಂಪುಟಗಳಲ್ಲಿ ಹೊರಬಂದ ‘ಕರ್ನಾಟಕ ಕವಿಚರಿತೆ’ಯಲ್ಲಿ ಆರ್. ನರಸಿಂಹಾಚಾರ್ಯರು ಎಷ್ಟೋ ಕವಿಗಳ ಕಾಲ ಕಟ್ಟಿದ್ದು ಈ ಪದ್ಯಗಳನ್ನು ಹಿಡಿದೇ. ಇವನು ಯಾರನ್ನು ಹೆಸರಿಸಿದ್ದಾನೆ, ಇವನನ್ನು ಯಾರು ಹೆಸರಿಸಿದ್ದಾರೆ ಎಂದು ನೋಡಿದರೆ ಕವಿ ಎರಡು ಗಡಿಗಳ ನಡುವೆ ಸಿಕ್ಕುತ್ತಾನೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಸಗ, ಗಜಗ ಮೊದಲಾದವರನ್ನು ತನಗೆ ದಾರಿ ತೋರಿದವರೆಂದು ಹೆಸರಿಸದೆ ಇದ್ದಿದ್ದರೆ, ಕನ್ನಡದಲ್ಲಿ ಅವರ ಕಾವ್ಯವೇ ಉಳಿಯದ ನಮಗೆ ಅವರ ನೆನಪೂ ಇಷ್ಟು ಗಟ್ಟಿಯಾಗಿ ಉಳಿಯುತ್ತಿರಲಿಲ್ಲ.

ಹೆಸರು ಹೇಳದೆಯೂ ಮೆಚ್ಚುವುದುಂಟು. ಯಳಂದೂರಿಗೆ ಹತ್ತಿರದವನಾದ ಷಡಕ್ಷರದೇವನ ‘ರಾಜಶೇಖರವಿಳಾಸ’ (1655) ತಿರುಕೊಳವಿನಾಚಿಯ ಪುತ್ರಶೋಕಕ್ಕಾಗಿ ಇಂದಿಗೂ ಹೆಸರಾಗಿದೆ. ಆ ಚಂಪುವಿನ ಶೃಂಗಾರ, ವರ್ಣನೆಗಳಲ್ಲಿ 12ನೇ ಶತಮಾನದ ನೇಮಿಚಂದ್ರನ ‘ಲೀಲಾವತಿ’ಯ ಅಚ್ಚು ಕಾಣುತ್ತದೆಂದು ವಿದ್ವಾಂಸರು ತೋರಿಸಿದ್ದಾರೆ. ನೇಮಿಚಂದ್ರ ಜೈನ, ಷಡಕ್ಷರಿ ವೀರಶೈವ. ನೇಮಿಚಂದ್ರನಾದರೂ ಸಂಸ್ಕೃತದ ಸುಬಂಧುವಿನ ‘ವಾಸವದತ್ತಾ’ವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದವನು. ಮತ ಬೇರೆಯಾದರೂ ಕಲೆಯ ಸಾಲ ಕೊಡಲು, ತೆಗೆದುಕೊಳ್ಳಲು ಇವರಲ್ಲಿ ಯಾರೂ ಹಿಂಜರಿಯಲಿಲ್ಲ. ಅದೇ ಯಳಂದೂರಿನ ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ‘ಹದಿಬದೆಯ ಧರ್ಮ’ ಬರೆದಾಗ, ಅವಳ ಪ್ರತಿಭೆಯನ್ನು ಗುರುತಿಸಿ ಆಡಿದ ಹಿರಿಯರ ಮಾತು ಅವಳ ಬೆನ್ನಿಗಿತ್ತು.

ನಿಜಗುಣರ ವಿಚಾರದಲ್ಲಿ ಈ ಕಲೆ ಇನ್ನೂ ಮುಂದೆ ಹೋಯಿತು. ಮೊದಲು ಅವರ ಗ್ರಂಥಗಳನ್ನು ನೋಡೋಣ. ಪರಂಪರೆ ಅವುಗಳಲ್ಲಿ ಆರನ್ನು ಒಟ್ಟುಗೂಡಿಸಿ ‘ಷಟ್‌ಶಾಸ್ತ್ರ’ ಎನ್ನುತ್ತದೆ: ಕೈವಲ್ಯ ಪದ್ಧತಿ, ಪರಮಾನುಭವ ಬೋಧೆ, ಪರಮಾರ್ಥ ಗೀತೆ, ಅನುಭವಸಾರ, ಪರಮಾರ್ಥ ಪ್ರಕಾಶಿಕೆ, ವಿವೇಕ ಚಿಂತಾಮಣಿ. ಇವುಗಳಲ್ಲಿ ‘ಪರಮಾರ್ಥ ಪ್ರಕಾಶಿಕೆ’ ಸಂಸ್ಕೃತದ ‘ಶಿವಯೋಗ ಪ್ರದೀಪಿಕೆ’ಗೆ ಬರೆದ ಕನ್ನಡ ಟೀಕೆ. ಅಂದರೆ ನಿಜಗುಣರೇ ಮೊದಲು ಇನ್ನೊಬ್ಬರ ಗ್ರಂಥದ ಮುಂದೆ ಕೈಕಟ್ಟಿ ಕುಳಿತವರು, ಅದರ ಮಾತನ್ನು ಬಿಡಿಸಿ ಕನ್ನಡದವರಿಗೆ ಕೊಟ್ಟವರು.

‘ವಿವೇಕ ಚಿಂತಾಮಣಿ’ಯ ಕಟ್ಟಡ ನೋಡಿದರೆ ಅದನ್ನು ಮುಂದಿನವರು ಯಾಕೆ ಅಷ್ಟು ಎತ್ತಿ ಬಳಸಿದರೆಂದು ತಿಳಿಯುತ್ತದೆ. ಅದು ಗದ್ಯದಲ್ಲಿರುವ ವಿಶ್ವಕೋಶ. ವೇದಾಂತ, ಶೈವಸಿದ್ಧಾಂತ, ಯೋಗ ಇವುಗಳ ಜೊತೆಗೆ ಕಾವ್ಯ, ನಾಟ್ಯ, ರಾಗ ತಾಳಗಳ ವಿಚಾರವೂ ಇದೆ. ವಿಷಯದ ಹೆಸರು, ಅದರ ಭೇದಗಳು, ಒಂದೊಂದು ಭೇದಕ್ಕೂ ಚುಟುಕಾದ ಲಕ್ಷಣ, ಹೀಗೆ ನಡೆಯುತ್ತದೆ. ಉಪಮೆ ಇಲ್ಲ, ವರ್ಣನೆ ಇಲ್ಲ. ಸಂಗೀತದ ಚರಿತ್ರೆ ಬರೆಯುವವನು ತನಗೆ ಬೇಕಾದ ಸಾಲನ್ನು ಅಲ್ಲಿಂದ ತೆಗೆದುಕೊಂಡರೆ ಹಿಂದುಮುಂದಿನ ಎಳೆ ಹರಿಯುವುದಿಲ್ಲ. ಈ ಗ್ರಂಥ 1604ರಲ್ಲಿ ಮರಾಠಿಗೆ ಹೋಯಿತು, 1652ರಲ್ಲಿ ಸಂಸ್ಕೃತಕ್ಕೆ ಹೋಯಿತು. ಸಂಸ್ಕೃತದ ಗ್ರಂಥಗಳು ಕನ್ನಡಕ್ಕೆ ಬರುವುದು ನಾವು ದಿನವೂ ಕಾಣುವ ಸಂಗತಿ. ಕನ್ನಡದ ಶಾಸ್ತ್ರಗ್ರಂಥವೊಂದನ್ನು ಸಂಸ್ಕೃತ ಬಲ್ಲವರಿಗಾಗಿ ಆ ಭಾಷೆಗೆ ಒಯ್ದದ್ದು ಬಲು ಅಪರೂಪ. ಯಾವ ಸ್ತುತಿಪದ್ಯವೂ ಇದಕ್ಕೆ ಸಮನಾಗದು.

ಇನ್ನು ಹಾಡು. ‘ಕೈವಲ್ಯ ಪದ್ಧತಿ’ ಹಾಡುಗಳ ಸಂಗ್ರಹ. ಪರಂಪರೆಯ ಪ್ರಕಾರ ನಿಜಗುಣರ ಸಮಕಾಲೀನರಾದ, ಕೊಳ್ಳೇಗಾಲ ಸೀಮೆಯವರೇ ಆದ ಮುಪ್ಪಿನ ಷಡಕ್ಷರಿಗಳು ಇದೇ ಜಾಡಿನಲ್ಲಿ ‘ಸುಬೋಧಸಾರ’ ಕಟ್ಟಿದರು. ಶಾಲೆಯಲ್ಲಿ ಓದಿದ ತಿರುಕನ ಕನಸಿನ ಪದ್ಯ ನೆನಪಿರುವವರಿಗೆಲ್ಲ ಅವರ ಪರಿಚಯ ಆಗಲೇ ಇದೆ. ಮುನ್ನೂರು ವರ್ಷ ದಾಟಿದ ಮೇಲೆ ಬೆಂಗಳೂರಿನಲ್ಲಿ ಸರ್ಪಭೂಷಣ ಶಿವಯೋಗಿಗಳು (1795–1839) ತಮ್ಮ ಹಾಡುಗಳ ಸಂಗ್ರಹಕ್ಕೆ ಇಟ್ಟ ಹೆಸರು ‘ಕೈವಲ್ಯ ಕಲ್ಪವಲ್ಲರಿ’. ಗದಗ ಸೀಮೆಯ ಮುಳಗುಂದದ ಬಾಲಲೀಲಾ ಮಹಾಂತ ಶಿವಯೋಗಿಗಳದು ‘ಕೈವಲ್ಯ ದರ್ಪಣ’. ಹೊಸ ಪುಸ್ತಕದ ಹೆಸರಿನಲ್ಲೇ ಹಳೆಯ ಪುಸ್ತಕದ ಗುರುತು ಉಳಿಸುವ ಈ ನಡೆ ನನಗೆ ಬಹಳ ಇಷ್ಟ. ಓದುವವನು ಮೊದಲ ಪುಟ ತಿರುಗಿಸುವ ಮುಂಚೆಯೇ ಇದು ಯಾರ ಮನೆತನದ ಹಾಡು ಎಂದು ತಿಳಿದುಬಿಡುತ್ತದೆ. ಅಂಕಿತ ಮಾತ್ರ ಅವರವರದೇ. ಸರ್ಪಭೂಷಣರು ಗುರುಸಿದ್ಧನ ಹೆಸರಿಟ್ಟರೇ ಹೊರತು ಶಂಭುಲಿಂಗನ ಹೆಸರಿಡಲಿಲ್ಲ. ಜಾಡು ಹಿರಿಯರದು, ಹೊಣೆ ತಮ್ಮದು ಎಂಬ ಈ ಎಚ್ಚರ ಇಲ್ಲದಿದ್ದರೆ ಮೆಚ್ಚುಗೆ ನಕಲಾಗಿಬಿಡುತ್ತಿತ್ತು.

ಗ್ರೀಕರಲ್ಲಿ ಇದಕ್ಕೆ ತಕ್ಕ ಜೋಡಿಯೊಂದಿದೆ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಕ್ಸೆನೊಫನ್ ‘ಅನಾಬಸಿಸ್’ ಎಂಬ ದಂಡಯಾತ್ರೆಯ ಕಥನ ಬರೆದ. ಸುಮಾರು ಐನೂರು ವರ್ಷಗಳ ನಂತರ, ರೋಮನ್ ಚಕ್ರಾಧಿಪತ್ಯದಲ್ಲಿ ಅಧಿಕಾರಿಯಾಗಿದ್ದ ಏರಿಯನ್ ಅಲೆಕ್ಸಾಂಡರನ ದಂಡಯಾತ್ರೆಯನ್ನು ಬರೆಯಲು ಕುಳಿತಾಗ ಅದೇ ಹೆಸರಿಟ್ಟ. ಕ್ಸೆನೊಫನ್ನನ ಪುಸ್ತಕದಲ್ಲಿ ಏಳು ಭಾಗಗಳಿದ್ದವು, ಇವನೂ ಏಳೇ ಬರೆದ. ಬೇಟೆಯ ಬಗ್ಗೆ ಕ್ಸೆನೊಫನ್ ಬರೆದದ್ದರಲ್ಲಿ ಬಿಟ್ಟುಹೋದದ್ದನ್ನು ತುಂಬಿಸಲು ತಾನೂ ಒಂದು ಬೇಟೆಯ ಪುಸ್ತಕ ಬರೆದ. ತನ್ನನ್ನೇ ಕ್ಸೆನೊಫನ್ ಎಂದು ಕರೆದುಕೊಂಡ. ಝೇಲಂ ದಂಡೆಯಲ್ಲಿ ಪೋರಸ್ ಕಾದಾಡಿದ ಕತೆ ನಮಗೆ ಇಷ್ಟು ವಿವರವಾಗಿ ತಿಳಿದಿರುವುದು ಬಹುಮಟ್ಟಿಗೆ ಈ ಅಭಿಮಾನಿಯ ಪುಸ್ತಕದಿಂದಲೇ. ಆದರೆ ಏರಿಯನ್‌ನದು ಒಬ್ಬ ಓದುಗ ಒಬ್ಬ ಲೇಖಕನಿಗೆ ಸಲ್ಲಿಸಿದ ಗೌರವ. ನಿಜಗುಣರಿಗೆ ಸಂದ ಗೌರವ ಸಭೆಯದು.

ಆ ಸಭೆ ನೋಡಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು. ಸಿದ್ಧಾರೂಢ ಸ್ವಾಮಿಗಳು (1836–1929) ತಮ್ಮ ಮಠದಲ್ಲಿ ಜಾತಿ ಕೇಳದೆ ಎಲ್ಲರನ್ನೂ ಕೂರಿಸಿಕೊಂಡು ನಿಜಗುಣರ ಶಾಸ್ತ್ರ ಹೇಳಿದರು. ಆರೂಢ ಪರಂಪರೆಯ ಮಠಗಳಲ್ಲಿ ಅದು ಇಂದಿಗೂ ನಡೆದಿದೆ. ಶಾಸ್ತ್ರ ಹೇಳುವ ಕ್ರಮ ಇಷ್ಟು. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ. ‘ಅನುಭವಸಾರ’ವಾದರೆ ಅದು ತ್ರಿಪದಿ, ನಮ್ಮ ಹೆಣ್ಣುಮಕ್ಕಳು ರಾಗಿ ಬೀಸುವಾಗ ಹಾಡುತ್ತಿದ್ದ ಅದೇ ಮಟ್ಟು. ತ್ರಿಪದಿ ಹಾಡುವಾಗ ಎರಡನೆಯ ಸಾಲು ಮರುಕಳಿಸಿ ಬರುತ್ತದೆ, ಹಾಗಾಗಿ ಕೇಳುವವನಿಗೆ ಮೂರನೆಯ ಸಾಲಿಗೆ ಮುಂಚೆ ಒಂದು ಗಳಿಗೆ ಬಿಡುವು ಸಿಗುತ್ತದೆ. ಆಮೇಲೆ ಶಾಸ್ತ್ರ ಹೇಳುವವರು ಪದ ಬಿಡಿಸುತ್ತಾರೆ, ಅನ್ವಯ ಮಾಡುತ್ತಾರೆ, ತಾತ್ಪರ್ಯಕ್ಕೆ ಬರುತ್ತಾರೆ, ದೃಷ್ಟಾಂತ ಕೊಡುತ್ತಾರೆ. ದೃಷ್ಟಾಂತ ಊರಿನದು, ಹೊಲದ್ದು, ಸಂತೆಯದು. ಪದ್ಯ ಬರೆದವರು ಕಾವೇರಿಯ ಕಡೆಯವರು, ದೃಷ್ಟಾಂತ ಮಲಪ್ರಭೆಯ ಕಡೆಯದು; ಎರಡೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎಲ್ಲ ಮುಗಿದ ಮೇಲೆ ಅದೇ ಪದ್ಯವನ್ನು ಇನ್ನೊಮ್ಮೆ ಕೇಳಿದರೆ, ಮೊದಲು ಬರೀ ದನಿಯಾಗಿದ್ದದ್ದು ಮಾತಾಗಿ ಕೇಳಿಸುತ್ತದೆ. ಶಾಸ್ತ್ರ ಹೇಳುವವರ ನೈಪುಣ್ಯ ಇರುವುದು ಇಲ್ಲಿ: ಎಷ್ಟು ದೂರ ಹೋದರೂ ಪದ್ಯಕ್ಕೇ ಮರಳಬೇಕು. ಕತೆಯ ಗುಂಗಿನಲ್ಲಿ ಪದ್ಯ ಮರೆತವನನ್ನು ಬಲ್ಲ ಸಭೆ ಒಪ್ಪುವುದಿಲ್ಲ.

ಇಲ್ಲೊಂದು ಸಂಗತಿ ಹೇಳಲೇಬೇಕು. ಸಿದ್ಧಾರೂಢರು ಶಾಸ್ತ್ರ ಹೇಳುತ್ತಿದ್ದ ಕಾಲಕ್ಕೆ ಹುಬ್ಬಳ್ಳಿ ಮುಂಬೈ ಪ್ರಾಂತ್ಯದಲ್ಲಿತ್ತು. ಶಂಭುಲಿಂಗನ ಬೆಟ್ಟದ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಸರ್ಪಭೂಷಣರ ಮಠವಿದ್ದ ಬೆಂಗಳೂರು, ಪಕ್ಕದ ಯಳಂದೂರು ಎರಡೂ ಮೈಸೂರು ಸಂಸ್ಥಾನದವು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಮೂರು ಆಡಳಿತಗಳ ನಡುವೆ ಹಂಚಿಹೋಗಿದ್ದ ಕನ್ನಡಿಗರು ಏಕೀಕರಣಕ್ಕೆ ಎಷ್ಟೋ ಮುಂಚೆಯೇ ಒಬ್ಬ ಲೇಖಕನ ಸುತ್ತ ಸೇರಿ ಕೂತಿದ್ದರು.

ಹನೂರು ಕಡೆಯ ಮಲೆ ಮಾದೇಶ್ವರನ ಗುಡ್ಡರು ಕಂಸಾಳೆ ಹಿಡಿದು ಹಾಡುವ ಕಾವ್ಯದ ಬಗೆ ಬೇರೆ. ಅಲ್ಲಿ ಬರೆದಿಟ್ಟ ಮೂಲಗ್ರಂಥವಿಲ್ಲ, ಹಾಡುಗಾರನೇ ಗ್ರಂಥ. ಅದಕ್ಕೆ ಬೇರೆಯದೇ ಲೇಖನ ಬೇಕು. ಆದರೂ ಒಂದೇ ಸೀಮೆಯಲ್ಲಿ ಬಾಯಲ್ಲಿ ಉಳಿದ ಕಾವ್ಯವೂ ಓಲೆಯಲ್ಲಿ ಉಳಿದ ಶಾಸ್ತ್ರವೂ ಹಾಡಿನ ಮೂಲಕವೇ ಜನರನ್ನು ಮುಟ್ಟಿದವು ಎಂಬುದನ್ನು ಮರೆಯಲಾಗದು.

ನನ್ನದು ಒಂದು ಕೋರಿಕೆ. ಹುಬ್ಬಳ್ಳಿಯಲ್ಲಿ ನಡೆಯುವಂಥ ಓದು ಕೊಳ್ಳೇಗಾಲ, ಯಳಂದೂರು, ಹನೂರುಗಳ ಶಾಲೆ, ಕಾಲೇಜು, ಗ್ರಂಥಾಲಯಗಳಲ್ಲೂ ನಡೆಯಲಿ. ಹೊಸದಾಗಿ ಓದುವವರು ‘ವಿವೇಕ ಚಿಂತಾಮಣಿ’ಯನ್ನು ಮೊದಲೇ ಎತ್ತಿಕೊಳ್ಳಬೇಡಿ, ಅದರ ಪಟ್ಟಿಗಳಿಗೆ ಕಣ್ಣು ದಣಿಯುತ್ತದೆ. ‘ಅನುಭವಸಾರ’ದಿಂದ ಶುರುಮಾಡಿ, ದಿನಕ್ಕೆ ನಾಲ್ಕೈದು ತ್ರಿಪದಿ ಸಾಕು. ಗಟ್ಟಿಯಾಗಿ ಓದಿ, ಸಾಧ್ಯವಾದರೆ ಹಾಡಿ, ಅರ್ಥ ಬಲ್ಲವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ.